ಸುಲ್ತಾನನ ಆಯುಸ್ಸಿಗೆ ದುವಾ

ರಜಬ್ ೩, ಶುಕ್ರವಾರ

ಮತ್ತೆ ಅದೇ ರಗಳೆ. ಮಸೀದಿಯ ಮಿಂಬರ್ ಪೀಠದ ಮೆಟ್ಟಿಲು ಹತ್ತುವಾಗ ವಜೀರ್ ಸಾದುದ್ದೀನನ ಚೀಟಿ. ಖುತ್ಬಾ ಪ್ರವಚನದ ಕೊನೆಗೆ ಸುಲ್ತಾನನ ಹೆಸರಿಗೆ ಇನ್ನು ಮೇಲೆ ಹನ್ನೊಂದು ಬಿರುದು. ಹೋದ ವಾರ ಏಳಿತ್ತು. ಮುದುಕ ನಾನು, ಉಸಿರು ಎಲ್ಲಿಂದ ಸಾಲಬೇಕು? ಸುಲ್ತಾನ ಯಗ್ಮೂರ್ ಹಾಸಿಗೆ ಹಿಡಿದು ತಿಂಗಳಾಯಿತು. ಬಿರುದು ಅರೆದು ಕುಡಿಸಿದರೆ ವಾಸಿಯಾಗುತ್ತಾನೆಯೇ?

ಏಳು ವರ್ಷದವನ ಕೈಹಿಡಿದು ಮೊದಲ ಅಕ್ಷರ ಅಲಿಫ್ ಬರೆಸಿದವನು ನಾನು. ಆಮೇಲೆ ಮೂವತ್ತೊಂದು ವರ್ಷ ಆಳಿದ. ಸೇತುವೆ ಕಟ್ಟಿಸಿದ. ಅಣ್ಣನ ಕಣ್ಣು ಕೀಳಿಸಿದ. ಎರಡು ಸಲವೂ ಶುಕ್ರವಾರ ನಾನೇ ದುವಾ ಮಾಡಿದೆ.

ರಜಬ್ ೮

ಅರಮನೆಗೆ ಹೋದೆ. ಬಾಗಿಲಲ್ಲೇ ತಡೆದರು — "ಮಲಗಿದ್ದಾರೆ." ಒಳಗೆ ಉಪ್ಪಿನ ಮೂಟೆಗಳು ಹೋಗುತ್ತಿದ್ದವು, ಹಿಂದೆಯೇ ಕರ್ಪೂರ. ಹೆಣ ತೊಳೆಯುವ ಹಮ್ಜಾ ಮೂರು ದಿನದಿಂದ ಮನೆಗೆ ಬಂದಿಲ್ಲವಂತೆ. ನನಗೇನು ತಲೆ ಇಲ್ಲವೇ? ವಜೀರನನ್ನು ಹಿಡಿದು ಕೇಳಿದೆ.

"ಮೌಲಾನಾ, ನಿಮ್ಮ ಕೆಲಸ ದುವಾ ಮಾಡೋದು. ನಾಡಿ ನೋಡೋದಲ್ಲ."

"ಸತ್ತೋರಿಗೆ ಆಯಸ್ಸು ಕೇಳ್ಲಾ?"

"ಸುಲ್ತಾನರ ಮಗ ತೋಘಾನ್ ಗಡಿಯಿಂದ ಬರೋವರ್ಗೂ ಕೇಳಿ. ಸುದ್ದಿ ಹೊರಗೆ ಬಿದ್ರೆ ಆ ಕುರುಡಣ್ಣನ ಮಕ್ಕಳು ಊರಿಗೆ ನುಗ್ತಾರೆ. ಬಾಯಿ ಬಿಟ್ರೆ ನಿಮ್ಮ ತಲೆ ಉಳಿಯಲ್ಲ."

ರಜಬ್ ೧೦, ಶುಕ್ರವಾರ

ಕೇಳಿದೆ. ಅಲ್ಲಾಹನ ಮನೆಯಲ್ಲಿ ನಿಂತು ಹೆಣಕ್ಕೆ ನೂರು ವರ್ಷ ಕೇಳಿದೆ. ಜನ ಆಮೀನ್ ಎಂದರು. ನಾಚಿಕೆಯಿಂದ ಸತ್ತೆ.

ಮನೆಯಲ್ಲಿ ಹೆಂಡತಿ ದಿಲ್‌ಶಾದ್‌ಗೆ ಹೇಳಿದ್ದಕ್ಕೆ ರೇಗಿದಳು: "ಬಡವರು ಬೆಳಗ್ಗೆ ಸತ್ರೆ ಮಧ್ಯಾಹ್ನಕ್ಕೆ ಮಣ್ಣು ಸೇರ್ತಾರೆ. ನಿಮ್ಮ ಸುಲ್ತಾನನಿಗೆ ಅಷ್ಟೂ ಭಾಗ್ಯ ಇಲ್ವಾ?"

ನನ್ನನ್ನು ಯಾಕೆ ಬೈಯುತ್ತಾಳೆ?

ರಜಬ್ ೨೪, ಶುಕ್ರವಾರ

ತೋಘಾನ್ ಇನ್ನೂ ಬಂದಿಲ್ಲ. ದಾರಿಯಲ್ಲಿ ಬೇಟೆಯಂತೆ! ಅಪ್ಪ ಅಲ್ಲಿ ಕೊಳೆಯುತ್ತಿರಲಿ...

ಇವತ್ತು ಹನ್ನೊಂದೂ ಬಿರುದು ಒದರಿದೆ. ಹೆಸರು ಬಂತು. "ಆಯುಸ್ಸು ಕೊಡು" ಎನ್ನಬೇಕಿತ್ತು. "ಅಲ್ಲಾಹ್ ಅವನಿಗೆ ಕರುಣೆ ತೋರಲಿ" ಎಂದುಬಿಟ್ಟೆ. ತೀರಿಕೊಂಡವರಿಗೆ ಹೇಳುವ ಮಾತು. ನಲವತ್ತು ವರ್ಷದ ರೂಢಿ, ನಾಲಿಗೆ ತಾನೇ ಹೊರಳಿತು.

ಯಾರೂ ಆಮೀನ್ ಎನ್ನಲಿಲ್ಲ. ಹಿಂದಿನ ಸಾಲಿನಲ್ಲಿ ಒಬ್ಬ ಹಮಾಲ ಬಿಕ್ಕಿದ. ನಮಾಜ್ ಮುಗಿದರೂ ಒಬ್ಬರೂ ಚಪ್ಪಲಿ ಹುಡುಕಲಿಲ್ಲ. ಸಾಲು ಸರಿಮಾಡಿಕೊಂಡು ನಿಂತರು, ನನ್ನನ್ನೇ ನೋಡುತ್ತ. ಹೆಣವಿಲ್ಲದೆಯೇ ಸತ್ತವರಿಗೆ ಮಾಡುವ ಜನಾಜಾ ನಮಾಜ್ ಮಾಡಿಸಿದೆ. ನನ್ನ ಹುಡುಗನಿಗೆ. ಅತ್ತೆ.

ಈಗ ಬಾಗಿಲಲ್ಲಿ ವಜೀರನ ಸಿಪಾಯಿಗಳು. "ಬಾಯಿ ತಪ್ತು ಅಂತ ಹೇಳ್ರೀ, ಬಿಟ್ಬಿಡ್ತಾರೆ," ಎಂದು ದಿಲ್‌ಶಾದ್ ಕೈ ಹಿಡಿದುಕೊಂಡಿದ್ದಾಳೆ. ಬಾಯಿ ತಪ್ಪಿದ್ದು ನಿಜ. ಜನಾಜಾ ಮಾತ್ರ ಬೇಕೆಂದೇ ಮಾಡಿಸಿದೆ. ಹಾಗೆಂದೇ ವಜೀರನಿಗೆ ಹೇಳುತ್ತೇ—