ಅರವತ್ತರಲ್ಲಿ ನಿಂತ ನಡುಕ

ಹಾಸ್ಟೆಲ್, ಸುಳ್ಯ
9 ನವೆಂಬರ್ 2025, ಭಾನುವಾರ

ಪ್ರೀತಿಯ ಉಪ್ಪಾ,

ಅಸ್ಸಲಾಮು ಅಲೈಕುಂ. ಫೋನಿನಲ್ಲಿ ನಿಮ್ಮ ಸ್ವರ ಏರಿದರೆ ನನ್ನ ಮಾತು ಅಲ್ಲೇ ಬ್ಲ್ಯಾಂಕ್ ಆಗುತ್ತದೆ. ಅದಕ್ಕೇ ನೀವಿರುವ ಸೌದಿಯ ದಮ್ಮಾಮಿಗೆ ಹೊರಟ ಶಾನವಾಝ್ ಮಾಮನ ಕೈಯಲ್ಲಿ ಈ ಕಾಗದ. ಕನ್ನಡ ತಪ್ಪಿದ್ದರೆ ಬೈಗುಳ ನನ್ನ ಬೋರ್ಡಿಂಗ್ ಸ್ಕೂಲಿಗೆ.

ಹಳೆ ಕಾಂಟೆಸ್ಸಾ ಕಾರನ್ನು ತಿಂಗಳ ಕೊನೆಗೆ, ಕೇಳಿಕೊಂಡು ಬಂದ ದರ್ಬೆಯವರಿಗೆ ಮಾರಿಬಿಡಿ ಎಂದಿರಿ. ಕಾರಣ ಎರಡು ಕೊಟ್ಟಿರಿ: ಸ್ಪೀಡ್ ಅರವತ್ತು ದಾಟಿದರೆ ನಡುಗುತ್ತದೆ, ಓಡಿಸಲು ಮನೆಯಲ್ಲಿ ಜನ ಇಲ್ಲ. ಆದರೆ ಕೋಡಿಂಬಾಳದ ನಫೀಸಜ್ಜಿ ರಾಡ್ ಹಾಕಿದ ಕಾಲು ಚಾಚಿ ಪುತ್ತೂರಿನ ಆಸ್ಪತ್ರೆಗೆ ಬರುವುದು ಆ ಅಗಲದ ಹಿಂದಿನ ಸೀಟಿನಲ್ಲಿ ಮಾತ್ರ.

ನಡುಕ ಇದ್ದದ್ದು ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಕ್ಕೆ ಹೋಗುವ ಉದ್ದ ಶಾಫ್ಟಿನಲ್ಲಿ. ಅದು ಸ್ವಲ್ಪ ಬೆಂಡಾಗಿತ್ತು. ಹೊಸದನ್ನು ಹಗುರದ ಅಲ್ಯೂಮಿನಿಯಂನಲ್ಲಿ ಮಾಡಿಸುವ ಎಂದು ಕುಂಬ್ರದ ಮೆಕ್ಯಾನಿಕ್ ಹೈದರಾಕನಿಗೆ ಹೇಳಿದ್ದು ನಾನೇ. ಮೆಕ್ಯಾನಿಕಲ್ ಫಸ್ಟ್ ಇಯರ್ ಎಂಬ ಜಂಬದಲ್ಲಿ, ಕಾರು ಜಾಕಿನ ಮೇಲಿರುವಾಗಲೇ ಅಳತೆಯನ್ನೂ ತೆಗೆದೆ. ಹೈದರಾಕ ನನ್ನ ಚೀಟಿ ನೋಡಿ ಕೇಳಿದರು, "ಎಂತ ಮೋಳೇ, ಕಾರು ನೇತುಕೊಂಡು ಓಡ್ತದಾ? ಜನ ಕೂತು ಓಡುದಲ್ವಾ?"

ಕಾರನ್ನು ನೆಲಕ್ಕಿಳಿಸಿ, ಪಕ್ಕದ ಹೋಟೆಲಿನಲ್ಲಿ ಚಾ ಕುಡಿಯುತ್ತಿದ್ದ ಐದು ಜನರನ್ನು ಒಳಗೆ ಕೂರಿಸಿ, ಕಾರಿನ ಅಡಿಯಲ್ಲಿ ಮಲಗಿ ಮತ್ತೆ ಅಳೆದರು. ಭಾರಕ್ಕೆ ಕಾರು ಕುಸಿದು, ಅಳತೆ ಅರ್ಧ ಇಂಚು ಕಡಿಮೆ ಬಂತು. ನನ್ನ ಅಳತೆಯಲ್ಲಿ ಮಾಡಿಸಿದ್ದರೆ ಶಾಫ್ಟು ಗೇರ್‌ಬಾಕ್ಸಿಗೆ ಗುದ್ದುತ್ತಿತ್ತು. ಎರಡು ರಾತ್ರಿ ನನಗೆ ನಿದ್ದೆ ಬರಲಿಲ್ಲ ಉಪ್ಪಾ.

ಹಳೆಯದನ್ನು ಎತ್ತಲು ನನಗೆ ಎರಡೂ ಕೈ ಬೇಕಿತ್ತು. ಹೊಸದು ಒಂದೇ ಕೈಗೆ ಬಂತು. ಇದು ಅಷ್ಟು ದೊಡ್ಡ ಕಾರನ್ನು ಎಳೆಯುತ್ತದಾ ಎಂದು ಹೆದರಿಕೆಯಾಯಿತು.

ಮೊನ್ನೆ ಅಜ್ಜಿಯನ್ನು ಕರೆತರುವಾಗ ನಾನು ಹಿಂದೆ, ಅವರ ಕಾಲಿನ ಹತ್ತಿರ, ಕೈಯಲ್ಲಿ ಒಂದು ಗ್ಲಾಸ್ ನೀರು ಹಿಡಿದು ಕೂತಿದ್ದೆ. ಅರವತ್ತಕ್ಕೆ ಕಣ್ಣು ಮುಚ್ಚಿಕೊಂಡೆ. ತೆರೆದಾಗ ಎಪ್ಪತ್ತು. ನೀರಿನಲ್ಲಿ ಕಿಟಕಿಯ ಆಕಾಶ ಹಾಗೆಯೇ ನಿಂತಿತ್ತು. ನನ್ನ ಪಾದದ ಗೇಣು ಕೆಳಗೆ ಒಂದು ಲೋಹ ನಿಮಿಷಕ್ಕೆ ಎರಡು ಸಾವಿರ ಸುತ್ತು ತಿರುಗುತ್ತಿದೆ, ಅಜ್ಜಿ ಬಾಯಿ ತೆರೆದು ನಿದ್ದೆ ಮಾಡಿದ್ದಾರೆ. ಸುಬ್‌ಹಾನಲ್ಲಾಹ್ ಎಂದದ್ದು ನನಗೇ ಕೇಳಿಸಲಿಲ್ಲ.

ನಿಮ್ಮ ಮೊದಲನೇ ಕಾರಣ ಈಗ ಇಲ್ಲ ಉಪ್ಪಾ. ದಯವಿಟ್ಟು ಯೋಚಿಸಿ.

ನಿಮ್ಮ ಹೆದರುಪುಕ್ಕಿ ಮಗಳು,
ನುಸೈಬಾ

ತಾ.ಕ.: ನಿಮ್ಮ ಎರಡನೇ ಕಾರಣದ ಬಗ್ಗೆ ಬರೆಯಲು ಧೈರ್ಯ ಬರಲಿಲ್ಲ. ಈಗ ಬರೆಯುತ್ತೇನೆ. ಅಜ್ಜಿಯನ್ನು ಕರೆತಂದ ದಿನ ಹೈದರಾಕನೂ ಬಂದಿದ್ದರು, ಆದರೆ ಕೂತದ್ದು ಮುಂದೆ ಎಡಗಡೆ. ಸ್ಟೀರಿಂಗ್ ಹಿಡಿದದ್ದು ಉಮ್ಮ. ಲೈಸೆನ್ಸ್ ಆಗಿ ಮೂರು ತಿಂಗಳಾಯಿತು, ಅಕ್ಕಿ ಡಬ್ಬದಲ್ಲಿ ಉಂಟು. ದರ್ಬೆಯವರಿಗೆ ಕಾರು ಕೊಡುವುದಿಲ್ಲ ಎಂದು ಉಮ್ಮನೇ ಹೇಳಿ ಆಯಿತು. ನೀವು ಬರುವ ದಿನ ಏರ್‌ಪೋರ್ಟಿನಲ್ಲಿ ಟ್ಯಾಕ್ಸಿ ಮಾಡಬಾರದಂತೆ.