ಐದನೆಯ ಗೂಡು

ಬಿಜೋರಾ ಘಾಟ್, ಚಂಬಲ್ ದಂಡೆ
ಜೂನ್ ೧೧, ೨೦೧೫, ಗುರುವಾರ

ಜಸರಾಮ್ ಭೈಯಾಗೆ ತಂಗಿ ಬೈಜಂತಿಯ ರಾಮ್ ರಾಮ್.

ಸೊಂಟದ ನೋವು ಈಗ ಹೇಗಿದೆ? ಟ್ರ್ಯಾಕ್ಟರಿನ ಸೀಟಿನ ಮೇಲೆ ಗೋಣಿಚೀಲ ಮಡಚಿ ಹಾಕಿಕೋ ಎಂದು ಎಷ್ಟು ಸಲ ಹೇಳಿದ್ದೆ, ನೀನು ಹಾಕಿಕೊಂಡಿರಲಾರೆ. ಭಾಭಿಯ ಕೆಮ್ಮು ಕಡಿಮೆಯಾಯಿತೇ? ನೀತುವಿನ ಕೈಯ ಮೆಹಂದಿ ಇನ್ನೂ ಇದೆಯೋ, ಮಾಸಿತೋ? ಇಲ್ಲಿ ಅಮ್ಮ ಚೆನ್ನಾಗಿದ್ದಾಳೆ. ಬಿಸಿಲು ವಿಪರೀತ, ಮಧ್ಯಾಹ್ನ ಮರಳಿನ ಮೇಲೆ ಕಾಲಿಡಲಾಗದು. ಹತ್ತು ದಿನದಿಂದ ನೀನು ಫೋನ್ ಆರಿಸಿಟ್ಟಿದ್ದೀಯೆ. ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ನಿನ್ನ ದನಿ ಕೇಳಿದರೆ ನನ್ನ ಸಿಟ್ಟು ಕರಗಿಬಿಡುತ್ತದೆ, ಚಿಕ್ಕಂದಿನಿಂದಲೂ ಹಾಗೆಯೇ. ಅದಕ್ಕೇ ಬರೆಯುತ್ತಿದ್ದೇನೆ.

ಘಡಿಯಾಲ್ ಮೊಸಳೆಯ ಮೊಟ್ಟೆಯನ್ನು ಮೊದಲ ಸಲ ನನ್ನ ಕೈಯಲ್ಲಿಟ್ಟವನು ನೀನು. ಮರಿ ಸಾಕುವ ಕೇಂದ್ರದಲ್ಲಿ ನಿನಗೆ ಅದು ಎರಡನೆಯ ವರ್ಷ. ನದಿದಂಡೆಯ ಗೂಡಿನಿಂದ ಮೊಟ್ಟೆ ತೆಗೆಯಲು ಜನ ಸಾಲದೆ ನನ್ನನ್ನೂ ಕರೆದುಕೊಂಡು ಹೋಗಿದ್ದೆ. "ಹುಷಾರು ಮಾರಾಯ್ತಿ, ಹೇಗಿದ್ಯೋ ಹಾಗೇ ಎತ್ತು. ತಿರುಗಿಸಿಬಿಟ್ಯೋ, ಒಳಗಿರೋದು ಅಲ್ಲೇ ಸತ್ತೋಗುತ್ತೆ" ಎಂದು ಗದರಿ, ಪ್ರತಿ ಮೊಟ್ಟೆಯ ನೆತ್ತಿಗೆ ನನ್ನಿಂದ ಪೆನ್ಸಿಲಿನ ಗೀಟು ಹಾಕಿಸಿದವನು ನೀನು. ಆ ವರ್ಷದ ಚಳಿಗಾಲದಲ್ಲಿ ತೊಟ್ಟಿಯ ಮರಿಗಳು ಮೀನು ಮುಟ್ಟದೆ ಬಡಕಲಾದಾಗ ಎಲ್ಲರೂ ರೋಗ ಎಂದರು. ನೀನು ನೀರಿಗೆ ಕೈಯದ್ದಿ ನೋಡಿದೆ. "ರೋಗಾನೂ ಇಲ್ಲ, ಗೀಗಾನೂ ಇಲ್ಲ. ನೀರು ತಣ್ಣಗಿದೆ. ಮೈ ಬಿಸಿಯಾಗದೆ ಇವಕ್ಕೆ ತಿಂದದ್ದು ಅರಗಲ್ಲ, ಅದಕ್ಕೇ ತಿನ್ತಿಲ್ಲ. ಯಾರೂ ಬಾಯಿಗೆ ತುರುಕೋಕೆ ಹೋಗಬೇಡಿ" ಎಂದು ಹೇಳಿ ತೊಟ್ಟಿಯ ನೀರು ಇಳಿಸಿ, ಹಗಲೆಲ್ಲ ಬಿಸಿಲು ಬೀಳುವ ಹಾಗೆ ಮಾಡಿದೆ. ಮೂರನೆಯ ದಿನ ಮರಿಗಳು ಮೀನಿಗೆ ಬಾಯಿಹಾಕಿದವು. ಅವುಗಳಿಗಿಂತ ಹೆಚ್ಚು ನಿನ್ನ ಮುಖ ಅರಳಿತ್ತು.

ಹನ್ನೊಂದು ವರ್ಷ ದುಡಿದರೂ ನಿನ್ನ ಕೆಲಸ ಖಾಯಂ ಆಗಲಿಲ್ಲ. ಅದು ಅನ್ಯಾಯ, ನಾನು ಇಲ್ಲವೆನ್ನುವುದಿಲ್ಲ. ಕೆಲಸ ಹೋದ ದಿನ ಕಣ್ಣೀರು ಹಾಕುತ್ತ ಬಂದ ನಿನಗೆ ನೀರು ಕೊಟ್ಟವಳು ನಾನೇ. ನೀನು ಮರಳಿನ ಗುತ್ತಿಗೆ ಹಿಡಿದ ಠೇಕೇದಾರನ ಟ್ರ್ಯಾಕ್ಟರ್ ಹತ್ತಿದಾಗಲೂ ನಾನು ಬೇಡ ಎನ್ನಲಿಲ್ಲ. ಮನೆ ನಡೆಯಬೇಕಲ್ಲ. ಗೂಡು ಕಾಯುವ ಕೆಲಸ ನನಗೆ ಸಿಕ್ಕಾಗ, "ನಾನು ಕಲಿತದ್ದು ನಿನ್ನ ಕೈಲಾದ್ರೂ ಉಳೀಲಿ ಬಿಡು" ಎಂದಿದ್ದೆಯಲ್ಲ. ಆ ಮಾತಿನ ಮೇಲೆ ನಾನು ನಾಲ್ಕು ಬೇಸಿಗೆ ಬದುಕಿದ್ದೇನೆ.

ಮೇ ತಿಂಗಳ ನಡುವೆ ಒಂದು ದಿನ ನೀನು ಬಂದೆ. ನಾನು ರೊಟ್ಟಿಗೆ ಹಿಟ್ಟು ಕಲಸಲು ಕೂತಿದ್ದೆ. "ನಮ್ಮ ಗಾಡಿಗಳು ಗೊತ್ತಿಲ್ದೆ ಗೂಡಿನ ಕಡೆ ಹೋಗಿಬಿಟ್ರೆ ಪಾಪ ಯಾರಿಗೆ? ಎಲ್ಲೆಲ್ಲಿವೆ ಹೇಳು, ನಾನೇ ತಡೀತೀನಿ" ಎಂದು ನೀನು ಕೇಳಿದೆ. ನಾನು ಪರಾತದ ಒಣಹಿಟ್ಟಿನ ಮೇಲೆ ಬೆರಳಿನಿಂದ ನದಿಯ ತಿರುವು ಗೀರಿ, ನಾಲ್ಕು ಚುಕ್ಕಿ ಇಟ್ಟು ತೋರಿಸಿದೆ. ಮರಿ ಯಾವಾಗ ಹೊರಬರುತ್ತವೆ ಎಂದೂ ನೀನು ಕೇಳಿದೆ. ಜೂನ್ ಮೊದಲ ವಾರ ಎಂದೆ. ಆಮೇಲೆ ಅದೇ ಹಿಟ್ಟಿನಲ್ಲಿ ರೊಟ್ಟಿ ಮಾಡಿ ನಿನಗೇ ಬಡಿಸಿದೆ. ಏಳುವಾಗ, "ಮೂವತ್ತೊಂದಕ್ಕೆ ನೀತು ಸಗಾಯಿ. ಬುವಾ ಇಲ್ದೆ ಅಣ್ಣನ ಮಗಳಿಗೆ ತಿಲಕ ಇಡೋರು ಯಾರು? ಬೆಳಿಗ್ಗೇನೇ ಬಂದುಬಿಡು" ಎಂದೆ ನೀನು. ಎಷ್ಟು ಖುಷಿಯಾಗಿತ್ತು ಗೊತ್ತಾ? ವಿಧವೆಯಾದ ಮೇಲೆ ನನ್ನನ್ನು ಶುಭಕಾರ್ಯಕ್ಕೆ ಮುಂದೆ ನಿಲ್ಲಿಸಿದವರು ಯಾರೂ ಇರಲಿಲ್ಲ.

ನಿಶ್ಚಿತಾರ್ಥದ ದಿನ ನೀತುವಿಗೆ ತಿಲಕ ಇಟ್ಟು, ಮಧ್ಯಾಹ್ನವೇ ದಂಡೆಗೆ ಹೊರಟು ನಿಂತಿದ್ದೆ. ನೀನು ಬೀಗರ ಮುಂದೆ, "ನೋಡಿ ಸ್ವಾಮಿ, ನಮ್ಮ ಬೈಜಂತಿಗೆ ನಮಗಿಂತ ಮೊಸಳೆಗಳೇ ಹತ್ತಿರದ ನೆಂಟ್ರು!" ಎಂದೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ನೀನೇ ಭುಜ ಹಿಡಿದು ಕೂರಿಸಿ, ಎಲೆಗೆ ಇನ್ನೆರಡು ಪೂರಿ ಹಾಕಿದೆ. ಅಂಗಳದಲ್ಲಿ ನಿನ್ನ ಟ್ರ್ಯಾಕ್ಟರ್ ಕಾಣಲಿಲ್ಲ. ರಿಪೇರಿಗೆ ಕೊಟ್ಟಿರಬೇಕು ಎಂದುಕೊಂಡೆ.

ಸಂಜೆ ದೋಣಿಯಲ್ಲಿ ನದಿ ದಾಟಿ ಬಂದಾಗ ದಂಡೆಯ ತುಂಬ ಗಾಲಿಯ ಗುರುತು. ಮರಳು ತುಂಬಲು ಬಂದವರು ಮರಳು ತುಂಬಿರಲೇ ಇಲ್ಲ ಭೈಯಾ. ನಾಲ್ಕು ಗೂಡಿನ ಮೇಲೆ ಮಾತ್ರ ಹಿಂದೆ ಮುಂದೆ ಓಡಿಸಿ ಹೋಗಿದ್ದರು. ನಡುವಿನ ಮರಳು ನಾನು ಬೆಳಿಗ್ಗೆ ಬಿಟ್ಟುಹೋದ ಹಾಗೆಯೇ ಇತ್ತು. ಗೂಡಿಲ್ಲದ ದಂಡೆಗೆ ಕಾವಲು ಬೇಡ, ಕಾವಲು ಎದ್ದುಹೋದರೆ ಮರಳೆಲ್ಲ ನಿಮ್ಮದು. ಅಷ್ಟು ಸಣ್ಣ ಲೆಕ್ಕ. ಮರಳೆಲ್ಲ ಅಂಟಂಟು, ಇರುವೆ ಹತ್ತಿತ್ತು. ಎರಡನೆಯ ಗೂಡಿನ ಅಂಚಿನಿಂದ ಮರಿಗಳ ಕೂಗು ಕೇಳಿತು, ಮೊಟ್ಟೆಯೊಳಗಿನಿಂದಲೇ ತಾಯಿಯನ್ನು ಕರೆಯುವ ಆ ಗೊರ್ ಗೊರ್ ಸದ್ದು. ಮರಳಿಗೆ ಕಿವಿಯಿಟ್ಟು ಅದನ್ನು ಕೇಳುವುದು ಹೇಗೆಂದು ಕಲಿಸಿದವನು ಯಾರು? ಕೈಯಿಂದ ಬಗೆದೆ. ಏಳು ಮರಿ ಜೀವಂತ ಸಿಕ್ಕವು. ನೂರಾ ಐವತ್ತರ ಮೇಲಿದ್ದ ಮೊಟ್ಟೆಗಳಲ್ಲಿ ಏಳು. ತಾಯಿ ಮೊಸಳೆಯೊಂದು ಆಮೇಲೆ ಮೂರು ದಿನ ಅಲ್ಲಿಗೆ ಬಂದು, ಮರಳು ಕೆದಕಿ, ತಲೆ ಊರಿ ಮಲಗಿ, ಮತ್ತೆ ನೀರಿಗೆ ಹೋಯಿತು.

ಯಾರ ಕೆಲಸವೆಂದು ಆ ಸಂಜೆ ನಾನು ಇನ್ನೂ ಯೋಚಿಸಿರಲಿಲ್ಲ. ಝಾವೂ ಪೊದೆಯ ಹಿಂದೆ ಹೋಗಿ ನೋಡಿದೆ. ಅಲ್ಲಿ ಐದನೆಯ ಗೂಡು ಇತ್ತು, ಒಂದು ಕಾಳು ಮರಳೂ ಅಲುಗಿರಲಿಲ್ಲ. ಅದನ್ನು ನಾನು ಕಂಡುಕೊಂಡದ್ದು ಮೇ ಇಪ್ಪತ್ತನಾಲ್ಕಕ್ಕೆ, ನೀನು ಬಂದುಹೋದ ಮೇಲೆ. ಹಿಟ್ಟಿನಲ್ಲಿ ನಾನಿಟ್ಟದ್ದು ನಾಲ್ಕೇ ಚುಕ್ಕಿ. ಅಲ್ಲೇ ಕೂತುಬಿಟ್ಟೆ.

ರೇಂಜರ್ ಸಾಹೇಬರು ಬಂದು, "ಗೂಡಿನ ಜಾಗ ಯಾರಿಗೆ ಹೇಳಿದ್ದಿ?" ಎಂದು ಕೇಳಿದರು. ಯಾರಿಗೂ ಇಲ್ಲ ಎಂದೆ. "ಹಾಗಾದ್ರೆ ನೀನೇ ಮಾರಿಕೊಂಡಿರಬೇಕು" ಎಂದರು. ವಿಚಾರಣೆ ಮುಗಿಯುವ ತನಕ ಕೆಲಸಕ್ಕೆ ಬರಬೇಡ ಎಂದಿದ್ದಾರೆ. ಹ್ಯಾಂಡ್‌ಪಂಪಿನ ಹತ್ತಿರ ಹೆಂಗಸರು ನನ್ನನ್ನು ಕಂಡು ಮಾತು ನಿಲ್ಲಿಸುತ್ತಾರೆ. ಅಮ್ಮನಿಗೆ ಎಲ್ಲ ಹೇಳಿದೆ. ಅವಳು ನನ್ನ ಬಾಯಿಗೆ ಕೈ ಅಡ್ಡ ಇಟ್ಟು, "ರಾಖಿ ಕಟ್ಟೋಕೆ ನಿಂಗೆ ಅಣ್ಣ ಬೇಕೋ, ಮೊಸಳೆ ಬೇಕೋ? ನೀತು ಮದುವೆ ಮುರಿದುಬೀಳುತ್ತೆ, ಬಾಯಿ ಮುಚ್ಕೊಂಡಿರು" ಎಂದಳು. ಮುಚ್ಚಿಕೊಂಡೆ. ಎಂಟು ದಿನ.

ಸೋಮವಾರ ಐದನೆಯ ಗೂಡು ಒಡೆಯಿತು. ಹೋಗಬಾರದೆಂದಿದ್ದರೂ ಹೋದೆ, ದೂರ ನಿಂತು ನೋಡಿದೆ. ತಾಯಿ ಬಂದು ಮರಳು ತೋಡಿತು. ಮರಿಗಳು ಒಂದರ ಮೇಲೊಂದು ಬಿದ್ದು ನೀರಿಗಿಳಿದವು. ಮೂವತ್ತೊಂದರ ತನಕ ಎಣಿಸಿದೆ. ಪ್ರತಿ ವರ್ಷ ಇಂಥ ಹೊತ್ತಿನಲ್ಲಿ ಮೊದಲು ನಿನಗೆ ಫೋನ್ ಮಾಡುತ್ತಿದ್ದೆ. ಅಭ್ಯಾಸಬಲದಿಂದ ಫೋನ್ ಕೈಗೆತ್ತಿಕೊಂಡೂ ಇದ್ದೆ.

ಗೂಡು ತುಳಿದದ್ದಕ್ಕಿಂತ ನನಗೆ ಆ ಎರಡು ಪೂರಿ ಹೆಚ್ಚು ನೋಯುತ್ತದೆ. ಠೇಕೇದಾರ ಹೆದರಿಸಿದ, ಬೇರೆ ದಾರಿಯಿರಲಿಲ್ಲ ಎಂದು ನೀನು ಬಂದು ಅತ್ತಿದ್ದರೆ, ನಾನು ನಿನ್ನ ಜೊತೆ ಅಳುತ್ತಿದ್ದೆ. ನೀನು ನಗುತ್ತ ಬಡಿಸಿದೆ. ನನ್ನನ್ನು ತಿಲಕ ಇಡಲು ಕರೆದೆಯೋ, ದಂಡೆಯಿಂದ ಏಳಿಸಲು ಕರೆದೆಯೋ ಎಂಬುದು ನನಗೆ ಇನ್ನು ಯಾವತ್ತೂ ತಿಳಿಯುವುದಿಲ್ಲ. ನೀನು ಏನೇ ಹೇಳಿದರೂ ನಂಬಲಾರೆ.

ಭಾಭಿಗೆ ನಮಸ್ಕಾರ ತಿಳಿಸು. ನೀತುವಿನ ಮೇಲೆ ನನಗೆ ಯಾವ ಬೇಸರವೂ ಇಲ್ಲ. ನಾನಿಟ್ಟ ತಿಲಕದಲ್ಲಿ ಕಪಟವಿರಲಿಲ್ಲ, ಅವಳು ಸುಖವಾಗಿರಲಿ. ನೀನು ಮದ್ದು ತಪ್ಪಿಸಬೇಡ.

ನಿನ್ನ ತಂಗಿ
ಬೈಜಂತಿ

ಮ.ವಿ.: ದೋಣಿ ಹೊರಡುತ್ತಿದೆ, ಬೇಗ ಬರೆಯುತ್ತೇನೆ. ನಿನ್ನೆ ಅರಣ್ಯ ಚೌಕಿಗೆ ಹೋಗಿ ಹೇಳಿಕೆ ಬದಲಿಸಿದೆ, ನಿನ್ನ ಹೆಸರು ಹೇಳಿದೆ. ಸಂಬಂಧ ಎಂಬ ಕಡೆ ಏನು ಬರೆಯಲಿ, ಖಾಲಿ ಬಿಡಲೇ ಎಂದು ಬರೆದುಕೊಳ್ಳುತ್ತಿದ್ದ ಬಾಬು ಕೇಳಿದ. ಬೇಡ, ಒಡಹುಟ್ಟಿದ ಅಣ್ಣ ಎಂದು ಬರೆಸಿದೆ. ಅವರು ಶನಿವಾರ ನಿನ್ನಲ್ಲಿಗೆ ಬರುತ್ತಾರಂತೆ. ಓಡಿಹೋಗಬೇಡ. ಅಮ್ಮನಿಗೆ ಇದಿನ್ನೂ ಗೊತ್ತಿಲ್ಲ. ಫೋನ್ ಹಾಕಿ ನೀನೇ ಅವಳಿಗೆ ಹೇಳು.