ಏಳನೇ ಕಂತಿನ ಐವತ್ತು ಸೆಕೆಂಡು

ಮಾರ್ಚ್ ೧೬, ಭಾನುವಾರ ಬೆಳಿಗ್ಗೆ

ಪ್ರೀತಿಯ ಮಗಳೇ,

ಲಕೋಟೆಯ ಮೇಲಿನ ಕೈಬರಹ ಯಾರದೆಂದು ಗುರುತು ಸಿಕ್ಕಿತೇ? ಸಿಗದಿದ್ದರೆ ತಪ್ಪು ನಿನ್ನದಲ್ಲ. ನೀನು ಇಲ್ಲಿಂದ ಹೊರಟು ಒಂಬತ್ತು ವರ್ಷವಾಯಿತು. ಈ ಒಂಬತ್ತು ವರ್ಷಗಳಲ್ಲಿ ನಾನು ಸಂಪಾದಕರಿಗೆ ನೂರಾ ನಲವತ್ತು ಪತ್ರ ಬರೆದಿದ್ದೇನೆ, ನೀರು ಸರಬರಾಜಿನವರಿಗೆ ಹನ್ನೆರಡು. ನಿನಗೆ ಒಂದೂ ಇಲ್ಲ. ನಿನ್ನ ಅಮ್ಮ ಫೋನಿನಲ್ಲಿ ಮಾತು ಮುಗಿಸಿ ನನ್ನ ಕೈಗೆ ಕೊಟ್ಟಾಗ "ಆರೋಗ್ಯ ತಾನೆ?" ಎಂದು ಕೇಳಿ, ಉತ್ತರ ಬರುವಷ್ಟರಲ್ಲಿ ವಾಪಸು ಕೊಟ್ಟುಬಿಡುವುದೇ ಅಪ್ಪನ ಕೆಲಸವೆಂದುಕೊಂಡಿದ್ದೆ. ನೆಪ ಹೇಳುವುದಿಲ್ಲ. ತಡವಾಯಿತು, ಮನ್ನಿಸು.

ಇಲ್ಲಿ ಎಲ್ಲರೂ ಕ್ಷೇಮ. ಅಮ್ಮನ ಮಂಡಿನೋವು ಎಷ್ಟೋ ವಾಸಿ. ಕಟ್ಟಡದ ಲಿಫ್ಟು ಮಾತ್ರ ವಾಸಿಯಾಗಿಲ್ಲ. ಅದರ ಬಗ್ಗೆ ಕೊಟ್ಟ ಐದು ಅರ್ಜಿಗಳೂ ಎಲ್ಲೋ ನೆಲಮಹಡಿಯಲ್ಲೇ ನಿಂತಿರಬೇಕು.

ಈಗ ಸುದ್ದಿಗೆ ಬರುತ್ತೇನೆ. ನಿನ್ನ ಅಪ್ಪ ಅನಿಮೆ ಎಂಬ ಜಪಾನಿ ಮಾದರಿಯ ಬೊಂಬೆ ಚಿತ್ರಗಳ ಅಭಿಮಾನಿಗಳ ಸಂಘದ ಸದಸ್ಯನಾಗಿದ್ದಾನೆ. ನಗಬೇಡ. ನಿನ್ನ ಅಮ್ಮ ನಕ್ಕದ್ದೇ ಸಾಕು.

ಲೈಬ್ರರಿಯಲ್ಲಿ ಪತ್ರಿಕೆ ಓದುವ ಹಾಲಿನ ಮಾಡು ಸೋರುತ್ತಿದೆಯೆಂದು ನಮ್ಮನ್ನೆಲ್ಲ ಮಕ್ಕಳ ವಿಭಾಗಕ್ಕೆ ಕಳಿಸಿದರು. ಪ್ರತಿ ಶನಿವಾರ ನಾಲ್ಕು ಗಂಟೆಗೆ ಅಲ್ಲಿ ಹತ್ತು ಹನ್ನೆರಡು ಜನ ಸೇರಿ ಹೋ ಎಂದು ವಾದ ಮಾಡುತ್ತಾರೆ. ಮೊದಲ ದಿನ ದೂರು ಕೊಡಲೆಂದೇ ಎದ್ದುಹೋದೆ. ಹೋದವನು ಕುಳಿತೆ. ನಲವತ್ತು ವರ್ಷ ಪುಸ್ತಕ ವಿಮರ್ಶೆಗಳ ಕರಡು ತಿದ್ದಿದವನು ನಾನು. ಅದರಲ್ಲಿ ಓದದೆ ಬರೆದದ್ದೆಷ್ಟು, ಗೆಳೆಯನಿಗೋಸ್ಕರ ಬರೆದದ್ದೆಷ್ಟು ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಈ ಜನ ಎರಡು ಸಲ ನೋಡದೆ ಬಾಯಿ ಬಿಡುವುದಿಲ್ಲ.

ಇವರ ಮುಂದಾಳು ಒಬ್ಬ ಬಸ್ ಕಂಡಕ್ಟರ್. ವಯಸ್ಸು ನಲವತ್ತೈದು, ನೋಡಿರುವ ಸರಣಿಗಳು ಮುನ್ನೂರ ಹನ್ನೊಂದು. ಅವನ ಎದುರಾಳಿ ಆಸ್ಪತ್ರೆಯ ನರ್ಸ್. ಡ್ಯೂಟಿ ಮುಗಿಸಿ ಸಮವಸ್ತ್ರದಲ್ಲೇ ಬರುತ್ತಾಳೆ.

"ಆ ರೋಬೋಟ್ ಕಥೆ ಇದ್ಯಲ್ಲ, ಹನ್ನೆರಡು ಕಂತು ಚಿನ್ನ," ಎಂದ ಕಂಡಕ್ಟರ್. "ಆಮೇಲೆ ರೋಬೋಟ್‌ಗೆ ಪ್ರೀತಿ ಹುಟ್ಟಿಸಿದ್ರು. ಕಥೆ ಸತ್ತೋಯ್ತು."

"ನಿಮಗೆ ಪ್ರೀತಿ ಅಂದ್ರೆ ಅಲರ್ಜಿ ಬಿಡಿ. ಆ ವಾಲಿಬಾಲ್‌ದನ್ನ ತಲೆ ಮೇಲೆ ಹೊತ್ಕೊಂಡು ಕುಣೀತೀರಲ್ಲ, ಚೆಂಡು ನೆಟ್ ದಾಟೋಕೆ ಮೂರು ಕಂತು!"

"ಅದು ಉಸಿರು ಬಿಗಿಹಿಡಿದು ನೋಡೋ ಮಜಾ ಮೇಡಂ."

"ಉಸಿರು ಬಿಗಿಹಿಡಿದವ್ರನ್ನ ನಾನು ದಿನಾ ನೋಡ್ತೀನಿ. ಅದ್ರಲ್ಲಿ ಏನೂ ಮಜಾ ಇಲ್ಲ."

ನನಗೂ ಒಂದು ಹೆಸರಿಟ್ಟಿದ್ದಾರೆ: ತಿದ್ದುಪಡಿ ತಾತ. ಅವರು ತಿಂಗಳಿಗೊಮ್ಮೆ ಬೋರ್ಡಿಗೆ ಅಂಟಿಸುವ ಅಭಿಪ್ರಾಯ ಪತ್ರಿಕೆಯನ್ನು ಈಗ ನಾನೇ ತಿದ್ದುತ್ತೇನೆ. ಒಂದೊಂದು ವಾಕ್ಯಕ್ಕೆ ಐದೈದು ಆಶ್ಚರ್ಯಸೂಚಕ ಚಿಹ್ನೆ ಹಾಕುತ್ತಿದ್ದರು. ಒಂದಕ್ಕೆ ಇಳಿಸಿದ್ದೇನೆ. ಇಪ್ಪತ್ತು ವರ್ಷದ ಹಿಂದೆ ಇದೇ ನಾನು 'ಬೊಂಬೆ ಚಿತ್ರಗಳ ಹಾವಳಿ' ಎಂದು ಪತ್ರಿಕೆಗೆ ಬರೆದು, ದೊಡ್ಡ ಕಣ್ಣಿನ ಬೊಂಬೆಗಳನ್ನು ನಕಲು ಮಾಡುತ್ತ ಮಕ್ಕಳು ಕೆಡುತ್ತಿದ್ದಾರೆಂದು ಗುಡುಗಿದ್ದೆ. ನಮ್ಮ ಮನೆಯಲ್ಲಿ ಹಾಗೆ ನಕಲು ಮಾಡುತ್ತಿದ್ದವಳು ಒಬ್ಬಳೇ. ಅಂದು ನೀನು ಆ ಪುಟವನ್ನು ಓದಿ, ಮಡಚಿ, ಮೇಜಿನ ಮೇಲೆ ಇದ್ದಲ್ಲೇ ಇಟ್ಟಿದ್ದೆ. ನನಗೆ ನೆನಪಿದೆ.

ಮೂರು ವಾರದ ಹಿಂದೆ ಅಮ್ಮ ಹೇಳಿದಳು: "ರೀ, 'ಗಾಳಿಯ ನಕ್ಷೆ' ಅಂತ ಒಂದು ಸರಣಿ ಬರ್ತಿದೆ. ಏಳನೇ ಕಂತಲ್ಲಿ ಅಡುಗೆಮನೆ ಸೀನ್ ಇದೆಯಂತೆ, ಐವತ್ತು ಸೆಕೆಂಡು. ಅದಷ್ಟೂ ಚಿತ್ರ ಬರೆದದ್ದು ನಮ್ಮವಳೇ. ನಿಮಗೆ ಹೇಳ್ಬೇಡ ಅಂದಿದ್ದಾಳೆ."

"ಮತ್ತೆ ಹೇಳಿದ್ಯಲ್ಲ?"

"ಒಂಬತ್ತು ವರ್ಷದಿಂದ ಅವಳ ಮಾತೇ ಕೇಳಿದ್ದೀನಿ. ಸಾಕಾಯ್ತು."

ಅವಳನ್ನು ಬಯ್ಯಬೇಡ. ನಿರ್ದೇಶಕರು "ಅಪ್ಪ ಒಪ್ಪಲಿಲ್ಲ" ಎಂದು ಒಂದೇ ಸಾಲು ಬರೆದು ಕೊಟ್ಟಿದ್ದರಂತೆ, ಮಿಕ್ಕದ್ದೆಲ್ಲ ನಿನ್ನ ಕಲ್ಪನೆಯಂತೆ. ಅದನ್ನೂ ಅವಳೇ ಹೇಳಿದಳು.

ನೋಡಿದೆ. ಬಲೂನು ಹತ್ತಿ ಗಾಳಿಯ ದಾರಿಗಳನ್ನು ಗುರುತಿಸುವ ಹುಡುಗಿ ಮನೆ ಬಿಟ್ಟು ಹೊರಡುವ ಬೆಳಿಗ್ಗೆ. ಮೇಜಿನ ಆ ಕಡೆ ಅಪ್ಪ ಪೇಪರು ಓದುತ್ತ ಕುಳಿತಿದ್ದಾನೆ. ಹುಡುಗಿ ತಾನು ಬರೆದ ನಕ್ಷೆಯನ್ನು ಚಾಚುತ್ತಾಳೆ. ಪೇಪರಿನ ಹಿಂದಿನಿಂದ ಒಂದು ಕೈ ಬರುತ್ತದೆ, ಪೆನ್ಸಿಲಿನಿಂದ ನಕ್ಷೆಯ ಅಂಚಿನಲ್ಲಿ ಏನೋ ಗುರುತು ಮಾಡುತ್ತದೆ, ಹಿಂದಕ್ಕೆ ಹೋಗುತ್ತದೆ. ಹುಡುಗಿ ನಕ್ಷೆ ಸುತ್ತಿಕೊಂಡು ಹೊರಡುತ್ತಾಳೆ. ಅಷ್ಟೇ.

ಆ ಶನಿವಾರ ನಾನು ಮೂರೂವರೆಗೇ ಹೋಗಿ ಕುಳಿತಿದ್ದೆ. ಯಾರಿಗೂ ಏನೂ ಹೇಳಿರಲಿಲ್ಲ. ಕಂಡಕ್ಟರ್ ಬಂದವನೇ ಶುರು ಮಾಡಿದ:

"ಏಳನೇ ಕಂತು ನೋಡಿದ್ರಾ? ಮೋಸ! ಬಲೂನ್ ಸೀನ್‌ಗೆ ಜೀವ ತೇಯ್ದಿದ್ದಾರೆ, ಒಪ್ಕೋತೀನಿ. ಆದ್ರೆ ಅಡುಗೆಮನೇಲಿ ಎರಡು ಚಿತ್ರ ಇಟ್ಕೊಂಡು ಐವತ್ತು ಸೆಕೆಂಡ್ ತಳ್ಳಿದ್ದಾರೆ. ಮುಖ ಬರೆಯೋ ತಾಪತ್ರಯಾನೇ ಬೇಡ ಅಂತ ಪೇಪರ್ ಅಡ್ಡ ಇಟ್ಬಿಟ್ರು! ಶುದ್ಧ ಸೋಮಾರಿತನ."

"ಸೋಮಾರಿತನವೋ ಏನೋ," ಎಂದಳು ನರ್ಸ್. "ನನಗೆ ಮಾತ್ರ ಆ ಅಪ್ಪನ ಕೈಯಿಂದ ಪೇಪರ್ ಕಿತ್ಕೊಂಡು ನಾಲ್ಕು ಬಿಗಿಯೋಣ ಅನ್ನಿಸ್ತು."

ನನ್ನ ರಕ್ತ ಕುದಿಯಿತು. ಎದ್ದು ನಿಂತೆ. "ಕಂಡಕ್ಟರೇ, ಎರಡು ಚಿತ್ರ ಅಂದಿರಲ್ಲ, ಎಣಿಸಿದ್ದೀರಾ?"

"ಎಣಿಸೋದೇನು ತಾತ, ಕಣ್ಣಿಗೆ ಕಾಣಲ್ವಾ?"

"ನಿಮ್ಮ ಬಸ್ಸಲ್ಲಿ ಹೀಗೇನಾ ಜನ ಎಣಿಸೋದು? ಮುಂದಿನ ವಾರ ಲೆಕ್ಕ ತರ್ತೀನಿ. ಅಲ್ಲೀವರೆಗೂ ಅಭಿಪ್ರಾಯ ಪತ್ರಿಕೆ ಬೋರ್ಡಿಗೆ ಅಂಟಬಾರದು."

ಪ್ರೆಸ್ಸಿನಲ್ಲಿ ನಾವು ಕರಡು ನೋಡುವ ರೀತಿ ನಿನಗೆ ಗೊತ್ತು: ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಸಾಲಿಗೆ ಅಡಿಕೋಲಿಟ್ಟು ನೋಡುತ್ತ ಹೋಗಬೇಕು. ಒಬ್ಬನೇ ಎರಡನ್ನೂ ಮಾಡಿದರೆ ಕಣ್ಣು ತನಗೆ ಬೇಕಾದ್ದನ್ನೇ ಓದಿಕೊಳ್ಳುತ್ತದೆ. ಮಂಗಳವಾರ ಮಧ್ಯಾಹ್ನ ಲೈಬ್ರೇರಿಯನ್ನರನ್ನು ಕಾಡಿಬೇಡಿ ಕಂಪ್ಯೂಟರಿನ ಮುಂದೆ ಕೂರಿಸಿದೆ. ಅವರು ಗುಂಡಿ ಒತ್ತಿ ದೃಶ್ಯವನ್ನು ಒಂದೊಂದೇ ಹೆಜ್ಜೆ ಮುಂದೆ ಸರಿಸಿ, ಚಿತ್ರ ಬದಲಾದಾಗಲೆಲ್ಲ "ಹೂಂ" ಅನ್ನುವುದು, ನಾನು ಅಡಿಕೋಲನ್ನು ಪರದೆಗೆ ಹಿಡಿದು ನೋಡಿ ಗೀಟು ಹಾಕುವುದು. ಬುಧವಾರ ಸಂಜೆಗೆ ಮುಗಿಯಿತು. ಅವರ ಗಂಟಲು ಬಿದ್ದುಹೋಗಿತ್ತು.

ಮುನ್ನೂರ ಎಂಬತ್ತೆಂಟು ಚಿತ್ರ! ಮಗಳೇ, ಮುನ್ನೂರ ಎಂಬತ್ತೆಂಟು!

ಪೇಪರು ನಿಂತಲ್ಲೇ ನಿಂತಿಲ್ಲ. ಉಸಿರಾಡುತ್ತದೆ. ಹುಡುಗಿ ಕುರ್ಚಿ ಎಳೆದಾಗ ಅದರ ಮೇಲಂಚು ಕೂದಲೆಳೆಯಷ್ಟು ನಡುಗುತ್ತದೆ. ಬೆಳಕು ಕಾಗದದ ಆಚೆಯಿಂದ ಬಂದು, ಹಿಂದಿನ ಪುಟದ ಸಾಲುಗಳು ತಿರುಗುಮುರುಗಾಗಿ ಮಸುಕಾಗಿ ಕಾಣುತ್ತವೆ. ಪೇಪರನ್ನು ಒಂದೇ ಅಂಕಣ ಕಾಣುವಂತೆ ಉದ್ದುದ್ದಕ್ಕೆ ಮಡಚಿದ್ದ ಗೆರೆಗಳು ಬಿಚ್ಚಿದ ಮೇಲೂ ಉಳಿದಿವೆ. ಹಾಗೆ ಮಡಚುವವರು ಕರಡು ತಿದ್ದುವವರು ಮಾತ್ರ. ಆ ಹೆಬ್ಬೆರಳು! ಉಗುರು ನಡುವೆ ಸೀಳಿದೆ. ಅಚ್ಚಿನ ಯಂತ್ರದ ಬಾಗಿಲಿಗೆ ಸಿಕ್ಕು ಸೀಳಿದ ನನ್ನ ಉಗುರೇ ಅದು. ಹಾಗೇ ಕೂಡಿಕೊಂಡಿದೆ, ಹಾಗೇ ಸ್ವಲ್ಪ ಎಡಕ್ಕೆ ವಾಲಿದೆ. ನಾನು ದಿನಾ ನೋಡುವ ಬೆರಳು. ಇಷ್ಟು ಸರಿಯಾಗಿ ನಾನೇ ನೋಡಿರಲಿಲ್ಲ.

ಮುಂದಿನ ಶನಿವಾರ ಲೆಕ್ಕದ ಹಾಳೆ ಮೇಜಿನ ಮೇಲೆ ಹರಡಿದೆ. ದೃಶ್ಯವನ್ನು ನಿಧಾನವಾಗಿ ಓಡಿಸಿ ತೋರಿಸಿದೆ. ಅಂಚಿನಲ್ಲಿ ಆ ಕೈ ಹಾಕುವ ಗುರುತು ಬರಿಯ ಗೀಚಲ್ಲ, ಕೊಕ್ಕೆ ಎಂದು ವಿವರಿಸಿದೆ. ನಿನಗೆ ಅಕ್ಷರ ಬರುವ ಮೊದಲೇ ಕರಡಿನ ಗುರುತುಗಳು ಬರುತ್ತಿದ್ದವು, ನೆನಪಿದೆಯಲ್ಲ? ಏನಾದರೂ ಬಿಟ್ಟುಹೋಗಿದ್ದರೆ ಕೊಕ್ಕೆ. ತೆಗೆದುಹಾಕಬೇಕಿದ್ದರೆ ಸುರುಳಿ. ತಿದ್ದಿದವನೇ ತಪ್ಪಿದ್ದರೆ ಕೆಳಗೆ ಸಾಲಾಗಿ ಚುಕ್ಕಿ, ಅಂದರೆ ತಿದ್ದಿದ್ದನ್ನು ಬಿಡಿ, ಮೊದಲು ಇದ್ದದ್ದೇ ಸರಿ, ಹಾಗೇ ಇರಲಿ. ನಲವತ್ತು ವರ್ಷದಲ್ಲಿ ನಾನು ಚುಕ್ಕಿ ಇಟ್ಟದ್ದು ಹತ್ತು ಸಲವಿರಬಹುದು. ಅದು ನನ್ನ ಹೆಮ್ಮೆಯಾಗಿತ್ತು.

ಕಂಡಕ್ಟರ್ ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಗ್ಗಿ ನೋಡಿದ. "ತಾತ, ಇಷ್ಟೆಲ್ಲ ನಿಮಗೆ ಹೇಗೆ ಗೊತ್ತು?" ಎಂದ.

"ಬರೆದವಳು ನನ್ನ ಮಗಳು," ಎಂದೆ. ಹೆಬ್ಬೆರಳು ಎತ್ತಿ ತೋರಿಸಿದೆ.

ಆಮೇಲಿನ ಗದ್ದಲವನ್ನು ನೀನು ಕೇಳಬೇಕಿತ್ತು. ಕಾಲೇಜು ಹುಡುಗಿಯರಿಬ್ಬರು ನನ್ನ ಹೆಬ್ಬೆರಳಿನ ಫೋಟೋ ತೆಗೆದುಕೊಂಡರು. "ಹೋದ ವಾರ ಇಲ್ಲೇ ಕೂತು ಬಾಯಿ ಬಿಡ್ಲಿಲ್ವಲ್ಲ, ಎಂಥಾ ಗಟ್ಟಿ ಮನುಷ್ಯ ರೀ ನೀವು!" ಎಂದು ಕಂಡಕ್ಟರ್ ನನ್ನ ಬೆನ್ನಿಗೆ ಗುದ್ದಿದ. ಎಲ್ಲರ ಮುಂದೆ, "ನಾನು ಹೇಳಿದ್ದು ತಪ್ಪು, ವಾಪಸ್ ತಗೋತೀನಿ," ಎಂದ. ನಾನು ಕಂಡ ಎಷ್ಟು ಸಂಪಾದಕರ ಬಾಯಲ್ಲಿ ಆ ಮಾತು ಬಂದಿದೆ? ನರ್ಸ್ ಮಾತ್ರ ನನ್ನ ಕೈಯನ್ನೇ ನೋಡುತ್ತ ಕುಳಿತಿದ್ದಳು. ಆಮೇಲೆ ಒಂದು ಪ್ರಶ್ನೆ ಕೇಳಿದಳು. ಅದಿರಲಿ.

ಇನ್ನೊಂದು ವಿಷಯಕ್ಕೆ ಸಿಟ್ಟು ಇನ್ನೂ ಇಳಿದಿಲ್ಲ. ಕಂತಿನ ಕೊನೆಯಲ್ಲಿ ಹೆಸರುಗಳು ಓಡುತ್ತವಲ್ಲ, ಅದನ್ನೂ ಅಡಿಕೋಲಿಟ್ಟು ನೋಡಿದೆವು. ಹಣ ಹಾಕಿದವರ ಹೆಸರು ನಾಲ್ಕು ಕಡೆ ಇದೆ. ನಿಮ್ಮ ವಿಭಾಗದ ಎದುರಿಗೆ ಇರುವುದು "ಹಾಗೂ ಇತರರು". ಇತರರು ಯಾರು? ನಮ್ಮ ನದಿ ಸೇತುವೆಯ ಫಲಕದಲ್ಲೂ ಹೀಗೇ ಹನ್ನೊಂದು ದೊಡ್ಡವರ ಹೆಸರಿತ್ತು, ಕಲ್ಲು ಕಟ್ಟಿದವರದ್ದು ಒಂದೂ ಇರಲಿಲ್ಲ. ಸೇತುವೆ ಬಿರುಕು ಬಿಟ್ಟ ದಿನ ಮಾತ್ರ ಮೇಸ್ತ್ರಿಯ ಹೆಸರು ಎಲ್ಲರಿಗೂ ನೆನಪಾಯಿತು. ನಾನು ಸರಣಿಯ ಕಂಪನಿಗೆ ಎರಡು ಪುಟ ಬರೆದೆ. ನಾಲ್ಕು ಸೆಕೆಂಡಿನಲ್ಲಿ ಉತ್ತರ ಬಂತು: "ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ." ಪುಣ್ಯಾತ್ಮರು ಓದಿದ ಹಾಗೆ ನಟಿಸುವುದಕ್ಕಾದರೂ ಐದು ನಿಮಿಷ ತೆಗೆದುಕೊಳ್ಳಬಾರದಿತ್ತೇ?

ಕಂಪನಿ ಹಾಕದಿದ್ದರೇನು, ನಾವು ಹಾಕಿದ್ದೇವೆ. ಈ ತಿಂಗಳ ಅಭಿಪ್ರಾಯ ಪತ್ರಿಕೆಯ ಪ್ರತಿ ಇದರೊಂದಿಗಿದೆ. "ಈ ವರ್ಷ ನಾವು ನೋಡಿದ ಅತ್ಯುತ್ತಮ ಐವತ್ತು ಸೆಕೆಂಡು" ಎಂದು ಶೀರ್ಷಿಕೆ, ಅದರ ಕೆಳಗೆ ನಿನ್ನ ಪೂರ್ತಿ ಹೆಸರು, ದಪ್ಪ ಅಕ್ಷರದಲ್ಲಿ. ಬರೆದದ್ದು ಕಂಡಕ್ಟರ್. ಈ ಸಲ ಅವನ ಐದು ಆಶ್ಚರ್ಯಸೂಚಕಗಳನ್ನೂ ನಾನು ಹಾಗೇ ಬಿಟ್ಟಿದ್ದೇನೆ. ಬೋರ್ಡಿನ ಮುಂದೆ ನಾನು ದಿನಕ್ಕೆ ಎರಡು ಸಲ ಹಾದುಹೋಗುತ್ತೇನೆ. ಗುರುವಾರ ಅಮ್ಮನನ್ನೂ ಮೆಟ್ಟಿಲಿಳಿಸಿ ಕರೆದುಕೊಂಡು ಹೋಗಿದ್ದೆ. ಅವಳು ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದಳು. ಯಾರೋ ಅಪರಿಚಿತರು ಪಕ್ಕದಲ್ಲಿ ನಿಂತಿದ್ದರು. "ನಮ್ಮ ಮಗಳು," ಎಂದೆ. ಅವರೇನೂ ನನ್ನನ್ನು ಕೇಳಿರಲಿಲ್ಲ.

ಬೆನ್ನು ಬಗ್ಗಿಸಿ ಬಹಳ ಹೊತ್ತು ಕೂರಬೇಡ, ಗಂಟೆಗೊಮ್ಮೆ ಎದ್ದು ಓಡಾಡು, ಕಣ್ಣಿಗೆ ತಣ್ಣೀರು ಹಾಕಿಕೋ. ನಿನ್ನ ಕೈ ಗಟ್ಟಿಯಾಗಿರಲಿ, ಗೆರೆ ನಡುಗದಿರಲಿ. ನೀನು ಬರೆದದ್ದನ್ನು ಎರಡು ಸಲ ನೋಡುವವರು ಹೋದಲ್ಲೆಲ್ಲ ಸಿಗಲಿ.

ಇಂತಿ,
ನಿನ್ನ ಅಪ್ಪ

ಮರೆತ ಮಾತು: ನರ್ಸ್ ಕೇಳಿದ್ದು ಇಷ್ಟೇ. "ಬೆರಳು ಇಷ್ಟು ನೆನಪಿಟ್ಟು ಬರೆದವಳಿಗೆ ಮುಖ ಯಾಕೆ ನೆನಪಾಗಲಿಲ್ಲ ಸಾರ್?" ನಾನು ಅದು ಕಲೆಯ ತಂತ್ರ, ಗಿಂತ್ರ ಎಂದು ಏನೋ ಹೇಳಿದೆ. ಅವಳು "ಹೂಂ" ಎಂದಳು.

ಮನೆಗೆ ಬಂದು ಅಮ್ಮನನ್ನು ಕೇಳಿದೆ. ಅವಳು ಹೊಲಿಗೆ ಯಂತ್ರದ ಡ್ರಾಯರಿನಿಂದ ಒಂದು ಹಾಳೆ ತೆಗೆದು ಕೊಟ್ಟಳು. ನಿನಗೆ ಎಂಟು ವರ್ಷ. 'ನಮ್ಮ ಮನೆಯವರು' ಎಂದು ಬರೆದಿದ್ದೀಯ. ಕಿಟಕಿಯ ಹತ್ತಿರ ಅಮ್ಮ, ನೆಲದ ಮೇಲೆ ನೀನು, ಕುರ್ಚಿಯಲ್ಲಿ ಎರಡು ಕಾಲು, ಎರಡು ಕೈ, ನಡುವೆ ಅಗಲವಾದ ಪೇಪರು. ಪೇಪರಿನ ಮೇಲೆ ನನ್ನ ಕೆಂಪು ಕೊಕ್ಕೆ. ಅಂಚಿನಲ್ಲಿ ನನ್ನದೇ ಅಕ್ಷರ: "ಮುಖ ಬಿಟ್ಟುಹೋಗಿದೆ." ಯಾವ ಮಂತ್ರಿ ಯಾವ ವರ್ಷ ಏನು ಸುಳ್ಳು ಹೇಳಿದನೆಂದು ಥಟ್ಟನೆ ಹೇಳಬಲ್ಲ ನನಗೆ ಇದೊಂದು ನೆನಪಿರಲಿಲ್ಲ. ಹಾಳೆಯನ್ನು ಪೇಪರಿನ ಪಕ್ಕದಿಂದಲೇ ವಾಪಸು ಕೊಟ್ಟಿರಬೇಕು. ನೀನು ಹೊರಟ ದಿನವೂ ಪೇಪರನ್ನು ಇಳಿಸಲಿಲ್ಲ, ಅದು ನೆನಪಿದೆ.

ಏನೂ ಬಿಟ್ಟುಹೋಗಿರಲಿಲ್ಲ ಮಗಳೇ. ನೀನು ಕಂಡದ್ದನ್ನೇ ಬರೆದಿದ್ದೆ. ಆ ಹಾಳೆಯನ್ನು ಇದರೊಳಗೆ ಇಟ್ಟಿದ್ದೇನೆ. ನನ್ನ ಕೊಕ್ಕೆಯನ್ನು ಹೊಡೆದುಹಾಕಿದ್ದೇನೆ, ನಿನ್ನ ಚಿತ್ರದ ಕೆಳಗೆ ಈ ತುದಿಯಿಂದ ಆ ತುದಿಯವರೆಗೆ ಚುಕ್ಕಿ ಇಟ್ಟಿದ್ದೇನೆ.

ಯಾವತ್ತಾದರೂ ಮುಖ ಬರೆಯಬೇಕೆನ್ನಿಸಿದರೆ ಬಾ. ಪೇಪರು ಕೆಳಗಿಟ್ಟು ಕೂರುತ್ತೇನೆ, ನೀನು ಸಾಕು ಅನ್ನುವವರೆಗೂ.